ಕಡಲಹೂವಿನ ಪಥ್ಯ

ಹರಿಹರದಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ಬೆಳಿಗ್ಗೆ ಬೈಕಿನಲ್ಲಿ ಹೋಗಿ ಸಂಜೆ ವಾಪಸಾಗುತ್ತೇನೆ. ರೈತರು ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳನ್ನು ತಂದು ಅಂಗಡಿ ಮುಂದೆ ಇಳಿಸುತ್ತಾರೆ, ನಾನು ಹಳೇ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತಿ ಕೊಡುತ್ತೇನೆ. ಸಮುದ್ರವನ್ನು ನೋಡಿದ್ದು ಒಂದೇ ಸಲ, ಮದುವೆಯಾದ ವರ್ಷ ಕಾರವಾರದಲ್ಲಿ. ಅವತ್ತು ಕೂಡ ಚಪ್ಪಲಿ ಕೊಚ್ಚಿಕೊಂಡು ಹೋದೀತೆಂದು ಕೈಯಲ್ಲಿ ಹಿಡಿದುಕೊಂಡು ದಡದಲ್ಲೇ ನಿಂತಿದ್ದೆ.

ಇಂಥವನ ಮನೆಗೆ ಉಪ್ಪುನೀರಿನ ಅಕ್ವೇರಿಯಂ ಬಂದದ್ದು ಒಬ್ಬ ಹಲ್ಲಿನ ಡಾಕ್ಟರಮ್ಮನಿಂದ. ಅವರ ತೊಟ್ಟಿಯ ಪಂಪು ಎರಡು ಸಲ ಕೆಟ್ಟಾಗ ನಾನೇ ರಿಪೇರಿ ಮಾಡಿಕೊಟ್ಟಿದ್ದೆ. ಅವರ ಗಂಡನಿಗೆ ಬೇರೆ ಊರಿಗೆ ವರ್ಗವಾದಾಗ, ಸಾಗಿಸುವುದು ಕಷ್ಟವೆಂದು ತೊಟ್ಟಿಯನ್ನು ನನಗೇ ಕೊಟ್ಟರು. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಒಂದಿಷ್ಟು ಕಡಲಿನ ಕಲ್ಲು, ಕೇಸರಿ ಮೈಮೇಲೆ ಬಿಳಿ ಪಟ್ಟೆಯ ಎರಡು ಮೀನು. ಕೊಡುವಾಗ ಒಂದು ಮಾತು ಹೇಳಿದರು: "ನಿಮ್ಮ ಕೈಯಲ್ಲಿ ಯಾವಾಗಲೂ ತಾಮ್ರದ ಪುಡಿ ಇರುತ್ತೆ. ಮೀನು ಹೇಗೋ ತಡಕೊಳ್ಳುತ್ತೆ, ಉಳಿದ ಕಡಲಜೀವಿಗಳಿಗೆ ತಾಮ್ರ ವಿಷ. ಮೊಣಕೈವರೆಗೂ ತೊಳೆದುಕೊಳ್ಳದೆ ಇದರೊಳಗೆ ಕೈ ಹಾಕಬೇಡಿ."

ಒಂದು ವರ್ಷ ಆ ಎರಡು ಮೀನುಗಳನ್ನೇ ಇಟ್ಟುಕೊಂಡು ಕಲಿತೆ. ಫಿಲ್ಟರ್ ನೀರಿಗೆ ಪ್ಯಾಕೆಟ್ಟಿನ ಉಪ್ಪು ಬೆರೆಸಿ ಹದ ಅಳೆಯುವುದು, ಆವಿಯಾದಷ್ಟೇ ಸಿಹಿನೀರು ತುಂಬುವುದು, ಏಪ್ರಿಲ್ ಬಿಸಿಲಿಗೆ ನೀರು ಕಾಯದಂತೆ ಮೇಲೆ ಫ್ಯಾನು ಹಾಕುವುದು. ನನ್ನ ಅವ್ವ ಒಂದು ದಿನ ಹಿತ್ತಲಿನ ತಾಮ್ರದ ಹಂಡೆ ತಂದು, "ಇದರಾಗ ಇಟ್ರ ನೀರು ತಣ್ಣಗಿರ್ತೈತೆ ನೋಡು" ಎಂದಳು. ಬೇಡವೆನ್ನಲು ಕಾರಣ ಹೇಳಿದಾಗ ಹಂಡೆಯನ್ನೂ ನನ್ನನ್ನೂ ಒಂದೇ ರೀತಿ ನೋಡಿ, ಹಂಡೆಯನ್ನು ಹಿತ್ತಲಿಗೆ ವಾಪಸು ಒಯ್ದಳು.

ಎರಡನೇ ವರ್ಷ ಧೈರ್ಯ ಮಾಡಿ ಅನಿಮೋನ್ ತರಿಸಿದೆ. ಕಡಲಹೂವು ಎನ್ನುತ್ತಾರೆ, ಆದರೆ ಅದು ಪ್ರಾಣಿ. ಬೆಂಗಳೂರಿನಿಂದ ಥರ್ಮೋಕೋಲ್ ಡಬ್ಬಿಯಲ್ಲಿ ರೈಲಿಗೆ ಬಂತು. ತೆರೆದರೆ ಹಿಂಡಿ ಬಿಸಾಕಿದ ಕರವಸ್ತ್ರದ ಹಾಗಿತ್ತು. ಎರಡು ಗಂಟೆ ಚೂರುಚೂರೇ ತೊಟ್ಟಿಯ ನೀರು ಬೆರೆಸಿ ಹೊಂದಿಸಿ, ಮುಂದಿನ ಕಲ್ಲಿನ ಮೇಲೆ ಚೆನ್ನಾಗಿ ಕಾಣುವಂತೆ ಕೂರಿಸಿದೆ. ಸಂಜೆಗೆ ಅರಳಿತು. ಬೆರಳಿನಂಥ ಎಳೆಗಳು, ತುದಿಯಲ್ಲಿ ಗುಂಡಗೆ ಉಬ್ಬಿದ ಗುಳ್ಳೆ, ಕಂದುಹಸಿರು ಮೈಗೆ ತುದಿಯಲ್ಲಿ ಮಾತ್ರ ಗುಲಾಬಿ.

ಅವ್ವ ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಏನು ತಿನ್ತೈತೆ ಇದು?"

ನಮ್ಮದು ಲಿಂಗ ಕಟ್ಟಿದವರ ಮನೆ. ಹೊಸಿಲೊಳಗೆ ಮೊಟ್ಟೆ ಕೂಡ ಬಂದಿದ್ದಿಲ್ಲ. ಮೀನಿಗೆ ಹಾಕುವ ಒಣ ಗುಳಿಗೆಯಲ್ಲಿ ಏನಿದೆ ಎಂದು ಅವ್ವ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳಿದೆ: "ಇದರ ಮೈಯಾಗ ಪಾಚಿ ಐತೆ ಅವ್ವ. ಅದು ಬೆಳಕಿನಾಗ ಅಡಿಗಿ ಮಾಡ್ತೈತೆ, ಇದು ಉಣ್ತೈತೆ."

"ಬೆಳಕು ಉಂಡು ಬದುಕೋದಾ? ಪುಣ್ಯವಂತ ಜೀವ ಬಿಡು," ಎಂದಳು ಅವ್ವ.

ಹೇಳಿದ್ದು ನಿಜವೇ. ಸಿಕ್ಕರೆ ಮಾಂಸವನ್ನೂ ತಿನ್ನುತ್ತದೆ ಎಂಬ ಉಳಿದ ಅರ್ಧವನ್ನು ನುಂಗಿಕೊಂಡೆ.

ಮರುದಿನ ನೋಡಿದರೆ ನಾನು ಕೂರಿಸಿದ ಕಲ್ಲಿನ ಮೇಲೆ ಅದಿಲ್ಲ. ಹಿಂದೆ ಮೂಲೆಯಲ್ಲಿ ಗಾಜಿಗೆ ಅಂಟಿಕೊಂಡಿತ್ತು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಅದಕ್ಕೆ ಕಾಲಿದೆ, ನಡೆಯುತ್ತೆ," ಎಂದರು. "ನೀವು ಜಾಗ ತೋರಿಸೋಕೆ ಹೋಗಬೇಡಿ. ಬೆಳಕು, ನೀರಿನ ಹರಿವು, ಕಾಲಿಗೊಂದು ಬಿರುಕು, ಮೂರೂ ಒಪ್ಪಿದ ಕಡೆ ತಾನೇ ನಿಲ್ಲುತ್ತೆ. ಪಂಪಿನ ಬಾಯಿಗೆ ಮಾತ್ರ ಸ್ಪಂಜು ಕಟ್ಟಿಡಿ."

ಅದು ದಿನಾ ನಡೆಯಿತು. ನನ್ನ ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ತೊಟ್ಟಿ ಇರುವುದು ಅವಳ ಮಿಶಿನ್ನಿನ ಎದುರಿಗೆ. ದಿನಾ ಬೆಳಿಗ್ಗೆ ಅದಿದ್ದ ಜಾಗಕ್ಕೆ ಗಾಜಿನ ಹೊರಗಿನಿಂದ ತನ್ನ ಹಣೆಯ ಸ್ಟಿಕ್ಕರ್ ಬೊಟ್ಟೊಂದನ್ನು ಅಂಟಿಸತೊಡಗಿದಳು. ಎರಡು ವಾರಕ್ಕೆ ಎಡ ಮೂಲೆಯಿಂದ ಮೇಲಕ್ಕೆ ಕೆಂಪು ಬೊಟ್ಟುಗಳ ಸಾಲಾಯಿತು. ಬ್ಲೌಸ್ ಕೊಡಲು ಬಂದವರು ಇದೇನು ಅಲಂಕಾರ ಎಂದು ಕೇಳುತ್ತಿದ್ದರು.

ತೊಟ್ಟಿಯಲ್ಲಿ ಎರಡು ಪಂಪುಗಳಿದ್ದವು. ಕೆಳಗಿನದಕ್ಕೆ ಸ್ಪಂಜು ಕಟ್ಟಿದ್ದೆ. ಮೇಲಿನದು ನೀರಿನ ಮಟ್ಟಕ್ಕೆ ಹತ್ತಿರ, ಅಷ್ಟು ಎತ್ತರಕ್ಕೆ ಅದೆಲ್ಲಿ ಹತ್ತೀತು ಎಂದು ಬಿಟ್ಟಿದ್ದೆ. ಇಪ್ಪತ್ತು ವರ್ಷದಿಂದ ಊರಿನ ಪಂಪುಗಳನ್ನು ಬಿಚ್ಚಿ ಜೋಡಿಸಿದವನಿಗೆ ಅಂಗೈಯಗಲದ ಪಂಪು ಲೆಕ್ಕಕ್ಕೇ ಬಂದಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ನೀರು ನಿಂತಾಗ ಹೂವು ಇನ್ನೂ ಮೇಲೆ ಹತ್ತಿ, ನಿಂತಿದ್ದ ಪಂಪಿನ ಮೈಮೇಲೇ ಕಾಲೂರಿತ್ತು. ಒಂದೂವರೆ ಗಂಟೆಯ ನಂತರ ಕರೆಂಟು ಬಂತು.

ಹೆಂಡತಿ ಅಂಗಡಿಗೆ ಫೋನ್ ಮಾಡಿದಳು. "ರೀ, ಲಗೂನ ಬರ್ರಿ. ಪಂಪು ಹೂವನ್ನ ಎಳಕೊಂಡೈತೆ. ನೀರೆಲ್ಲ ಮಜ್ಜಿಗಿ ಆದಂಗ ಆಗೈತೆ. ನಾನು ಪ್ಲಗ್ ಕಿತ್ತೀನಿ, ಮುಂದೇನು ಮಾಡ್ಲಿ ತಿಳೀವಲ್ದು."

"ಏನೂ ಮುಟ್ಟಬ್ಯಾಡ, ಬಂದೆ," ಎಂದು ಹೊರಟೆ. ಆ ದಾರಿ ಅಷ್ಟು ಉದ್ದವಿದೆಯೆಂದು ಅವತ್ತೇ ಗೊತ್ತಾದದ್ದು.

ಕೈ ತೊಳೆದು ಭುಜದವರೆಗೆ ನೀರಿಗಿಳಿಸಿದೆ. ಪಂಪಿನ ಜಾಲರಿಯೊಳಗೆ ಅದರ ಒಂದು ಪಕ್ಕ ಸಿಕ್ಕಿಕೊಂಡಿತ್ತು. ಎಳೆದರೆ ಹರಿಯುತ್ತದೆ. ಕಣ್ಣಿಗೇನೂ ಕಾಣದ ಆ ಬೆಳ್ಳನೆ ನೀರಿನಲ್ಲಿ ಬೆರಳಿನಲ್ಲೇ ತಡಕಿ ಜಾಲರಿಯ ಕೊಂಡಿ ಬಿಡಿಸಿದೆ, ಒಳಗಿನ ರೆಕ್ಕೆಯನ್ನು ಹಿಂದಕ್ಕೆ ತಿರುಗಿಸುತ್ತಾ ಒಂದೊಂದೇ ಎಳೆ ಬಿಡಿಸಿದೆ. ನಲವತ್ತು ನಿಮಿಷ ಹಿಡಿಯಿತು. ಪಕ್ಕದಲ್ಲಿ ಹೆಂಡತಿ ಬಕೆಟ್ಟುಗಳಲ್ಲಿ ಉಪ್ಪುನೀರು ಕಲಸಿದಳು. ಅರ್ಧ ತೊಟ್ಟಿ ನೀರು ಬದಲಾಯಿಸಿದೆವು. ಹೂವಿನ ನಾಲ್ಕರಲ್ಲೊಂದು ಪಾಲು ಹರಿದಿತ್ತು. ಕಲ್ಲುಗಳ ನಡುವೆ ಹೋಗಿ ಮುದುಡಿಕೊಂಡಿತು. ಅವ್ವ ಟವೆಲ್ ತಂದುಕೊಟ್ಟಳು.

ಡಾಕ್ಟರಮ್ಮ ಹತ್ತು ದಿನ ಅದನ್ನು ಮುಟ್ಟಬೇಡಿ ಎಂದರು. "ಬಾಯಿ ಬಿಗಿಯಾಗಿ ಮುಚ್ಚಿದ್ದರೆ ಬದುಕುತ್ತೆ. ಅರಳೋಕೆ ಶುರು ಮಾಡಿದ ಮೇಲೆ ವಾರಕ್ಕೊಂದು ಸಲ ಕಡಲೆಕಾಳಿನಷ್ಟು ಸಿಗಡಿ ಕೊಡಿ. ಇಷ್ಟು ಪೆಟ್ಟಾದ ಮೇಲೆ ಬರೀ ಬೆಳಕು ಸಾಲದು."

ಹನ್ನೆರಡನೇ ದಿನ ಅರ್ಧ ಅರಳಿತು. ಹರಿಹರದ ಮಾರ್ಕೆಟ್ಟಿನಲ್ಲಿ ಮೀನಿನಂಗಡಿ ಎಲ್ಲಿದೆಯೆಂದು ಗೊತ್ತಿತ್ತು, ಒಳಗೆ ಹೋಗಿದ್ದಿಲ್ಲ. ಅಂಗಡಿಯವನು ನನ್ನ ಗಿರಾಕಿಯೇ, ಅವನ ಐಸ್ ಪೆಟ್ಟಿಗೆಯ ಮೋಟಾರು ಸುತ್ತಿಕೊಟ್ಟಿದ್ದೆ. ನನ್ನನ್ನೂ ನನ್ನ ಹಣೆಯ ವಿಭೂತಿಯನ್ನೂ ನೋಡಿ ಎದ್ದುನಿಂತ.

"ಏನ್ ಸಾಬ್, ದಾರಿ ತಪ್ಪಿ ಬಂದ್ರಾ?"

"ಎರಡು ಸಿಗಡಿ ಬೇಕಾಗಿತ್ತು."

"ಎರಡು ಕಿಲೋನಾ?"

"ಅಲ್ಲ, ಎರಡೇ."

ಅವನು ತುಂಬಾ ಹೊತ್ತು ನಕ್ಕ. ಕಾರಣ ಹೇಳಿದ ಮೇಲೆ ನಗು ನಿಲ್ಲಿಸಿ, ಸಿಪ್ಪೆ ತೆಗೆದು, ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿಯೂ ಕೊಟ್ಟ. ದುಡ್ಡು ಮುಟ್ಟಲಿಲ್ಲ. "ಬೀಮಾರ್‌ಗೆ ಕೊಡೋದಲ್ವಾ, ಹೋಗ್ರಿ," ಎಂದ.

ಚೂರುಗಳನ್ನು ಸಣ್ಣ ಡಬ್ಬಿಗೆ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದು, ಅವ್ವ ಪಕ್ಕದ ಮನೆಗೆ ಹೋದ ಹೊತ್ತು ನೋಡಿ ಒಂದು ಚೂರು ತಿನ್ನಿಸಿದೆ. ಮುಂದಿನ ವಾರವೂ ಹಾಗೇ ಮಾಡಿದೆ. ಮೂರನೇ ಸಲ ಮೀನಿನಂಗಡಿಯಿಂದ ಹೊರಬರುವಾಗ ಬಸ್ಸಿನ ಕಿಟಕಿಯಿಂದ ನಮ್ಮ ದೊಡ್ಡಪ್ಪನ ಮಗ ನನ್ನನ್ನು ನೋಡಿದ. ನಾನೂ ಅವನನ್ನು ನೋಡಿದೆ. ನಮಸ್ಕಾರ ಮಾಡಲು ಎತ್ತಿದ ಕೈಯಲ್ಲೇ ಡಬ್ಬಿ ಇತ್ತು.

ಸಂಜೆ ಮನೆ ತಲುಪಿದಾಗ ಹೆಂಡತಿ ಬಾಗಿಲಲ್ಲೇ ಪಿಸುಗುಟ್ಟಿದಳು: "ಅತ್ತೆಗೆ ಫೋನ್ ಬಂದಿತ್ತು. ನಿಮ್ಮ ದೊಡ್ಡಪ್ಪನ ಮಗಂದು."

"ಏನಂದ?"

"ನಿಮ್ಮ ಮಗ ಹಾದಿ ಬಿಟ್ಟಾನ, ಮೀನಂಗಡಿಗೆ ಹೋಗ್ತಾನ ಅಂದ."

"ಅವ್ವ?"

ಹೆಂಡತಿ ನಗು ತಡೆದುಕೊಂಡಳು. "'ನಮ್ಮ ಮನ್ಯಾಗ ಒಂದು ಜೀವಕ್ಕ ಹುಷಾರಿಲ್ಲಪ್ಪ, ಅದಕ್ಕ ಪಥ್ಯ ತರಾಕ ಹೋಗಿದ್ದ' ಅಂತ ಹೇಳಿ ಫೋನ್ ಇಟ್ರು."

ಅವ್ವ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ.

"ನಿನಗೆ ಮೊದಲೇ ಗೊತ್ತಿತ್ತಾ ಅವ್ವ?"

"ಮೂಗಿಲ್ಲೇನು ನನಗ? ಹೋದ ವಾರ ನಿನ್ನ ಅಂಗಿ ಒಗಿಯಾಕ ಹಾಕಿದ್ಯಲ್ಲ."

"ಸುಳ್ಳು ಹೇಳಿದಂಗಾತು. ತಪ್ಪಾತು."

"ಸುಳ್ಳು ಹೇಳ್ಲಿಲ್ಲ, ಅರ್ಧ ಹೇಳ್ದಿ. ಈ ವಯಸ್ಸಿನಾಗ ನನಗ ಯಾಕ ಹೆದರ್ತೀಯೋ ಏನೋ." ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು: "ನಮ್ಮ ತವರುಮನ್ಯಾಗ ಬೆಕ್ಕಿತ್ತು. ಇಲಿ ಹಿಡೀತಿತ್ತು. ಅದಕ್ಕೇನು ದೀಕ್ಷೆ ಕೊಡಿಸಿದ್ವಾ? ಅದರ ಊಟ ಅದು ಉಣ್ಣಬೇಕಪ್ಪ. ಆದ್ರ ನನ್ನ ಅಡಿಗಿಮನಿಗೆ ಬರೋದು ಬ್ಯಾಡ, ಫ್ರಿಜ್ಜಿಗೆ ಬ್ಯಾಡ. ಕೊಟ್ಟ ಮ್ಯಾಲೆ ಸ್ನಾನ ಮಾಡಿ ಒಳಗ ಬಾ. ಈಗ ಹೆಂಗೆ ತಿನ್ತೈತೆ, ನನಗ ತೋರ್ಸು."

ಪಂಪು ನಿಲ್ಲಿಸಿ, ಪ್ಲಾಸ್ಟಿಕ್ ಚಿಮಟದಲ್ಲಿ ಚೂರನ್ನು ಎಳೆಗಳಿಗೆ ತಾಕಿಸಿದೆ. ಒಂದು ಎಳೆ ಹಿಡಿಯಿತು, ಆಮೇಲೆ ನಾಲ್ಕು. ಇಡೀ ಹೂವು ನಿಧಾನವಾಗಿ ಒಳಮುಖವಾಗಿ ಮಡಚಿಕೊಂಡಿತು. ಕದಿಯಲು ಬಂದ ಮೀನನ್ನು ಅವ್ವ ಗಾಜು ತಟ್ಟಿ ಓಡಿಸಿದಳು. "ಹಸಿದಿತ್ತು ಪಾಪ," ಎಂದಳು ಕೊನೆಗೆ. ಮುಖ ಕಿವುಚಿದ್ದಳು, ಆದರೆ ಕಣ್ಣು ತೆಗೆದಿರಲಿಲ್ಲ.

ಅಲ್ಲಿಂದ ಭಾನುವಾರ ಬೆಳಿಗ್ಗೆ ನನ್ನ ಸ್ನಾನಕ್ಕೆ ಮುಂಚೆ ಅದರ ಊಟ ಎಂದಾಯಿತು. ಎರಡು ತಿಂಗಳಿಗೆ ಹರಿದ ಅಂಚು ಕೂಡಿಕೊಂಡು ಅಲ್ಲಿ ಗಿಡ್ಡ ಎಳೆಗಳು ಹುಟ್ಟಿದವು. ಎರಡು ಕಲ್ಲು ಒರಗಿದ ಬಿರುಕಿಗೆ ಕಾಲು ಇಳಿಸಿ ಅಲ್ಲೇ ನಿಂತಿತು. ಅಲ್ಲಿಂದ ಈಚೆಗೆ ಕದಲಿಲ್ಲ. ನಾನೂ ಆ ಕಡೆಯ ಒಂದು ಕಲ್ಲನ್ನೂ ಅಲುಗಿಸಿಲ್ಲ.

ಮೀನುಗಳು ಮಾತ್ರ, ಊಟದ ಹೊತ್ತು ಬಿಟ್ಟರೆ, ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಈ ಜಾತಿಯ ಮೀನು ಹೂವಿನೊಳಗೇ ಮನೆ ಮಾಡುತ್ತದೆಂದು ಕೇಳಿದ್ದೆ. ಏಳು ತಿಂಗಳು ಕಾದು ಆಸೆ ಬಿಟ್ಟಿದ್ದೆ. ಒಂದು ದಿನ ಅಂಗಡಿಯಲ್ಲಿ ಕಡರನಾಯಕನಹಳ್ಳಿಯ ರೈತನೊಬ್ಬನ ಮೋಟಾರು ಸುತ್ತುತ್ತಿದ್ದಾಗ ಅವ್ವನ ಫೋನ್ ಬಂತು. ಅವಳು ತಾನಾಗಿ ಫೋನ್ ಮಾಡುವವಳಲ್ಲ.

"ದೊಡ್ಡ ಮೀನು ಹೂವಿನಾಗ ಹೊಕ್ಕೊಂಡು ಕುಂತೈತೆ. ಹೊರಗ ಬರವಲ್ದು. ಬರ್ತೀಯೇನು?"

ಬೆಂಚಿನ ಮೇಲೆ ಕೂತಿದ್ದ ರೈತ ಗಾಬರಿಯಾದ. "ಮನ್ಯಾಗ ಏನಾತ್ರಿ?"

"ಏನಿಲ್ಲ. ಮೀನು ಹೂವಿನಾಗ ಕುಂತೈತಂತೆ."

ಅವನು ನನ್ನ ಮುಖ ನೋಡಿದ. "ಹಂಗಾದ್ರ ಹೋಗಿ ನೋಡ್ಕೊಂಡು ಬರ್ರಿ. ಗದ್ದಿಗೆ ನಿನ್ನೆ ನೀರು ಹಾಯಿಸೀನಿ, ಮೋಟಾರು ನಾಳೆ ಆದ್ರೂ ನಡೀತೈತೆ."

ಹೋದೆ. ಅವ್ವ ಕುರ್ಚಿಯಲ್ಲಿ, ಹೆಂಡತಿ ಮಿಶಿನ್ ನಿಲ್ಲಿಸಿ ಪಕ್ಕದಲ್ಲಿ ನಿಂತಿದ್ದಳು. ದೊಡ್ಡ ಮೀನು ಎಳೆಗಳ ನಡುವೆ ಮೈ ಉಜ್ಜುತ್ತಿತ್ತು, ಚಿಕ್ಕದು ಹೊರಗೆ ಅನುಮಾನಿಸುತ್ತಾ ಸುತ್ತುತ್ತಿತ್ತು. ಅದೂ ಒಳಗೆ ಹೋಗುವವರೆಗೆ ನಾವು ಮೂವರೂ ನೋಡಿದೆವು. ಆಮೇಲೆ ಹೆಂಡತಿ ಚಹಾಕ್ಕೆ ನೀರಿಡಲು ಹೋದಳು.