ನಾಗಿಯ ಐದು ಮೊಳದ ಹಲಗೆ

ಆಗ ನನಗೆ ಐವತ್ತೆಂಟು ವರ್ಷ. ಹನ್ನೊಂದು ವರ್ಷದ ಹಿಂದಿನ ಮಾತು. ಶರಾವತಿ ಸಮುದ್ರ ಸೇರುವಲ್ಲಿ ಮಾವಿನಕುರ್ವೆ ಇದೆಯಲ್ಲ, ಅಲ್ಲಿ ನೀರು ಇಳಿದಾಗ ಬಯಲಾಗುವ ಕೆಸರಿನಲ್ಲಿ ಬಳಚು ಹೆಕ್ಕಿ ಹೊನ್ನಾವರ ಪೇಟೆಗೆ ಕೊಡುವುದು ನನ್ನ ಕೆಲಸ. ಬಳಚು ಎಂದರೆ ಎರಡು ಚಿಪ್ಪಿನ ನಡುವೆ ಇರುವ ಜೀವ; ಕುಮಟೆಯಿಂದ ಭಟ್ಕಳದವರೆಗೆ ಅದರ ಸಾರು ಉಣ್ಣದ ಮೀನುಗಾರರ ಮನೆ ಇಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಆ ಕೆಸರಿನ ಮೇಲೆ ಎಲ್ಲ ಕಡೆ ನಡೆಯಲು ಆಗುವುದಿಲ್ಲ. ಹಲಗೆ ಬೇಕು. ಹಳೆಯ ದೋಣಿಯ ಬಾಗಿದ ಹಲಗೆ ತಂದು, ಮೂಗು ಮೇಲೆ ಬರುವ ಹಾಗೆ ಕತ್ತರಿಸುತ್ತೇವೆ. ಒಂದು ಮಂಡಿಯನ್ನು ಹಲಗೆಯ ಮೇಲೆ ಊರಿ, ಇನ್ನೊಂದು ಕಾಲಿನಿಂದ ಕೆಸರನ್ನು ಹಿಂದಕ್ಕೆ ಒದೆಯುತ್ತ ಜಾರಿಕೊಂಡು ಹೋಗುವುದು. ಎಲ್ಲ ಇರುವುದು ಹಲಗೆಯ ಉದ್ದದಲ್ಲಿ. ಮೂರು ಮೊಳದ್ದು ಹಗುರ, ಹೇಗೆ ಬೇಕೋ ಹಾಗೆ ತಿರುಗುತ್ತದೆ. ಆದರೆ ಮೆತ್ತನೆಯ ಕೆಸರು ಸಿಕ್ಕಿತೋ, ಬಾಲ ಕುಳಿತು ಮೂಗು ಎದ್ದು ನಿಲ್ಲುತ್ತದೆ. ಐದು ಮೊಳದ್ದು ಭಾರವನ್ನು ಉದ್ದಕ್ಕೂ ಹಂಚಿಕೊಳ್ಳುತ್ತದೆ, ಗಂಜಿಯಂಥ ಕೆಸರಿನ ಮೇಲೂ ತೇಲುತ್ತದೆ. ಆದರೆ ತಿರುಗು ಎಂದರೆ ತಿರುಗುವುದಿಲ್ಲ. ನನ್ನದು ನಾಲ್ಕು ಮೊಳ. ಹೊಸಬರಿಗೆ ಅಳೆದು ಕೊಡುತ್ತಿದ್ದವಳೂ ನಾನೇ.

ಐದು ಮೊಳದ ಹಲಗೆ ಇದ್ದದ್ದು ನಾಗಿಯ ಹತ್ತಿರ ಮಾತ್ರ. ನನ್ನ ಜೊತೆಯವಳು. ಈಗ ಹೇಳುವ ಘಟನೆಗೆ ಎರಡು ವರ್ಷ ಮುಂಚೆ ಕೆಸರಿಗೆ ಹೋದವಳು ಬರಲಿಲ್ಲ. ಬುಟ್ಟಿ ಕಟ್ಟಿದ ಹಲಗೆ ಸಿಕ್ಕಿತು, ನಾಗಿ ಸಿಗಲಿಲ್ಲ. ಹಾಗೆ ಹೋದವರ ಹಲಗೆಯನ್ನು ಬೇರೆಯವರು ಬಳಸುವ ಪದ್ಧತಿ ಇಲ್ಲ. ಅದು ಸಿಕ್ಕಿದ ಜಾಗದಲ್ಲೇ ಗೂಟ ನೆಟ್ಟು, ಹಗ್ಗದಲ್ಲಿ ಸಡಿಲವಾಗಿ ಕಟ್ಟಿ ಬಿಡುತ್ತೇವೆ. ನೀರು ಏರಿದಾಗ ಹಲಗೆ ತೇಲಿ ಗೂಟಕ್ಕೆ ತಟ್ಟುತ್ತದೆ. ಕೇಳಿದವರು ಮನೆಗೆ ಹೊರಡುತ್ತಾರೆ.

ನೆರೆಮನೆಯ ಹೊನ್ನಮ್ಮನಿಗೆ ಭಟ್ಕಳದ ಕಡೆಯಿಂದ ಸೊಸೆ ಬಂದಳು, ಸಾವಿತ್ರಿ. ಅವಳ ತವರಿನವರು ಬಂದರಿನಲ್ಲಿ ಬೋಟಿನ ಕೆಲಸದವರು. ಕೆಸರು ಅವಳಿಗೆ ಹೊಸತು. ನಾನು ನಾಲ್ಕೂವರೆ ಮೊಳಕ್ಕೆ ಗುರುತು ಹಾಕಿದೆ. ಆ ಮಳೆಗಾಲದ ನೆರೆ ಹೊಸ ಹೂಳು ತಂದು ಹಾಕಿತ್ತು, ಅದಕ್ಕೆ.

"ಎಂತಕೆ ದೊಡ್ಡಾಯಿ ಇಷ್ಟ್ ಉದ್ದ? ಹೆಣ ಹೊರುಕಾ?" ಎಂದು ನಕ್ಕಳು.

"ಹೆಣ ಆಗ್ಬಾರ್ದು ಅಂತ."

ಅವಳ ಅತ್ತೆ ನಡುವೆ ಬಾಯಿ ಹಾಕಿದಳು. "ಗದ್ದದ ಮಟ್ಟ ಇದ್ರೆ ಸಾಕೆ. ನಮ್ಮ ಅತ್ತೆ ಕಾಲದಿಂದ ಹಾಂಗೇ ಅಳೆಯೂದು. ಇವ್ಳೋ ಗಿಡ್ಡಿ." ನೆಲದಿಂದ ಗದ್ದಕ್ಕೆ ಹಿಡಿದು ಕತ್ತರಿಸಿದರು. ಮೂರು ಮೊಳಕ್ಕೆ ಬಂತು.

ಚಳಿಗಾಲದ ಒಂದು ಬೆಳಿಗ್ಗೆ ನಾವಿಬ್ಬರೇ ಹೋಗಿದ್ದೆವು. ಹೊನ್ನಮ್ಮನಿಗೆ ಜ್ವರ. ಬಿಸಿಲು ಬರುವ ಹೊತ್ತಿಗೆ ಬಿಸಿಲಿನ ಬದಲು ಮಂಜು ಬಂತು. ಮುಂದೆ ಚಾಚಿದ ನನ್ನ ಕೈ ನನಗೆ ಮಸುಕಾಗಿ ಕಂಡಿತು. ಕೆಸರಿನಲ್ಲಿ ನಾವು ಹೆಸರು ಹಿಡಿದು ಕೂಗುವುದಿಲ್ಲ; ಕೂಗಿದ ಹೆಸರನ್ನು ಯಾರು ಕೇಳಿಸಿಕೊಳ್ಳುತ್ತಾರೆ ಎಂದು ಹೇಳಲು ಬರುವುದಿಲ್ಲ. ಹಲಗೆ ತಟ್ಟುತ್ತೇವೆ. ಒಂದು ಸಲ ತಟ್ಟಿದರೆ, ಎಲ್ಲಿದ್ದೀ? ಎರಡು ಸಲ, ಇಲ್ಲಿದ್ದೇನೆ ಬಾ. ಮೂರು ಸಲ ಎಂದರೆ ಅಪಾಯ.

ನಾನು ಒಂದು ಸಲ ತಟ್ಟಿದೆ. ಎಡಗಡೆಯಿಂದ ಎರಡು ಏಟು ಬಂತು. ಸಾವಿತ್ರಿ. ಸರಿ ಎಂದು ಬುಟ್ಟಿ ಬಿಗಿದೆ. ಮತ್ತೆ ಒಂದು ತಟ್ಟಿದೆ. ಈ ಸಲ ಎಡಗಡೆಯಿಂದ ಎರಡು ಬಂತು. ಅದು ನಿಂತ ಮೇಲೆ, ಇನ್ನೂ ದೂರದಿಂದ, ಮತ್ತೆ ಎರಡು ಬಂತು.

ಕೆಸರಿನಲ್ಲಿ ಇದ್ದವರು ನಾವಿಬ್ಬರೇ.

ಮತ್ತೆ ನಾನು ತಟ್ಟಲಿಲ್ಲ. ಸಾವಿತ್ರಿಯ ಹಲಗೆ ಜಾರುವ ಸದ್ದು ನನ್ನ ಕಡೆಗೆ ಬರಲಿಲ್ಲ, ದೂರ ಹೋಯಿತು. ಸ್ವಲ್ಪ ಹೊತ್ತಿಗೆ ಮೂರು ಏಟು. ಮತ್ತೆ ಮೂರು.

ಹೋಗಿ ನೋಡಿದರೆ ಹೊಸ ಹೂಳಿನಲ್ಲಿ ಸೊಂಟದವರೆಗೆ ಇಳಿದಿದ್ದಳು. ಅವಳ ಹಲಗೆ ಬಾಲ ಹುಗಿದು, ಮೂಗು ಆಕಾಶಕ್ಕೆ ಮಾಡಿ ನಿಂತಿತ್ತು. ಅದರಾಚೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ನಾಗಿಯ ಗೂಟ.

"ನೀವೇ ಅಲ್ದಾ ದೊಡ್ಡಾಯಿ ಇಲ್ಲಿಂದ ತಟ್ಟದ್ದು? ಬಾ ಬಾ ಅಂತ?"

"ಅಲ್ಲಾಡ್ಬೇಡ. ಬಾಯಿ ಮುಚ್ಚು" ಎಂದೆ.

ಗೂಟದ ಕಡೆ ನೋಡಿದೆ. ನೀರು ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಗಾಳಿಯೂ ಇರಲಿಲ್ಲ. ಹಲಗೆ ಕೆಸರಿನ ಮೇಲೆ ಮಲಗಿತ್ತು, ಹಗ್ಗ ಸಡಿಲವಾಗಿ ಬಿದ್ದಿತ್ತು. ತಟ್ಟಲು ಕಾರಣವೇ ಇರಲಿಲ್ಲ. ಅಷ್ಟರಲ್ಲಿ ಅಳಿವೆಯ ಕಡೆಯಿಂದ ಸಣ್ಣಗೆ ಗುಳುಗುಳು ಸದ್ದು ಶುರುವಾಯಿತು. ಭರತ, ಸಮುದ್ರದ ನೀರು ಏರುವ ಹೊತ್ತು. ನೀರು ಎದೆಗೆ ಬರುವುದರೊಳಗೆ ಇವಳನ್ನು ಕೀಳದಿದ್ದರೆ ಇನ್ನೊಂದು ಗೂಟ ನೆಡಬೇಕು.

ನನ್ನ ನಾಲ್ಕು ಮೊಳದ ಹಲಗೆ ಆ ಹೂಳಿನಲ್ಲಿ ನನ್ನನ್ನು ಹೊತ್ತದ್ದೇ ಹೆಚ್ಚು. ಇಬ್ಬರನ್ನು ಹೊರುವುದಿಲ್ಲ. ಹೊರುವ ಹಲಗೆ ಅಲ್ಲಿ ಒಂದೇ ಇತ್ತು. ನಾನು ಹಗ್ಗಕ್ಕೆ ಕತ್ತಿ ಹಾಕಿದೆ.

"ಅದ್ ಮುಟ್ಬೇಡಿ! ದೊಡ್ಡಾಯಿ, ಅದ್ ನಾಗಕ್ಕಂದು!"

"ಗೊತ್ತಿದ್ದು. ಅವ್ಳು ಕೇಳುಕೆ ಬಂದ್ರೆ ನಾ ಹೇಳ್ತೆ."

ಹಲಗೆಯನ್ನು ಅವಳ ಎದೆಗೆ ತಾಗಿಸಿ ಇಟ್ಟು, ಅದರ ಮೇಲೆ ಬೋರಲು ಮಲಗಿಸಿದೆ. ಕೆಸರು ಹಿಡಿದ ಕಾಲನ್ನು ಎಳೆದರೆ ಬರುವುದಿಲ್ಲ. ಅದರ ಸುತ್ತ ಕೆಸರಿನೊಳಗೆ ನೀರು ಹೊಗಬೇಕು. ಕೊಲ್ಲಲು ಬರುವ ನೀರಿಗೇ ಕಾಯಬೇಕು. ಕಾದೆವು. ನೀರು ಬಂದು ಸುತ್ತಿಕೊಂಡ ಕೂಡಲೇ "ಮೀನಿನ ಬಾಲದ ಹಾಂಗೆ ಅಲ್ಲಾಡಿಸು" ಎಂದೆ. ಮೊದಲು ಒಂದು ಕಾಲು ಬಂತು. ಇನ್ನೊಂದು ಬರುವಾಗ ಅವಳು ಕೂಗಿದ ಕೂಗು ಮನುಷ್ಯರದ್ದಾಗಿರಲಿಲ್ಲ.

ಅವಳ ಹಲಗೆಯನ್ನೂ ಕಿತ್ತು ನನ್ನದರ ಜೊತೆ ಹಿಂದೆ ಕಟ್ಟಿ, ನಾಗಿಯ ಹಲಗೆಯ ಮೇಲೆ ಅವಳನ್ನು ಮುಂದೆ ಮಲಗಿಸಿ, ನಾನು ಹಿಂದೆ ಮಂಡಿ ಊರಿ ಒದ್ದೆ. ಗಂಜಿಯ ಮೇಲೆ ಬಾಳೆಯೆಲೆ ಜಾರಿದ ಹಾಗೆ ಹೊರಟಿತು. ಆದರೆ ದಡದ ಕಡೆ ಹೊರಳುವ ನೀರಿನ ತೋಡಿನ ತಿರುವಿನಲ್ಲಿ ಹಲಗೆ ತಿರುಗಲಿಲ್ಲ. ನೇರ ಆಳದ ನೀರಿನ ಕಡೆಗೇ ಮೂಗು ಹಿಡಿಯಿತು. ನಾಗಿ ಹೇಗೆ ಹೋದಳು ಎಂದು ನನಗೆ ಆಗ ತಿಳಿಯಿತು. ತುಂಬಿದ ಬುಟ್ಟಿಯನ್ನು ಅವಳು ಯಾವಾಗಲೂ ಮೂಗಿಗೆ ಕಟ್ಟುತ್ತಿದ್ದಳು, ಆ ಭಾರಕ್ಕೆ ಹಲಗೆ ತಿರುಗದಿದ್ದರೂ ಬಿಚ್ಚಿ ಬಿಡುವವಳಲ್ಲ.

"ಹಿಂದೆ ಸರಿ! ನನ್ನ ಮೈ ಮೇಲೆ ಬಾ!" ಎಂದು ಸಾವಿತ್ರಿಯ ಸೀರೆ ಹಿಡಿದು ಎಳೆದೆ. ಭಾರ ಬಾಲಕ್ಕೆ ಬಂತು, ಮೂಗು ಎದ್ದಿತು, ಐದು ಮೊಳದ ಹಲಗೆ ಮೂರು ಮೊಳದ್ದರ ಹಾಗೆ ತಿರುಗಿತು.

ತಿರುಗಿದ ಮೇಲೆ ನಮ್ಮ ಹಿಂದಿನಿಂದ ಎರಡು ಏಟು ಕೇಳಿತು.

ಹಲಗೆ ನಮ್ಮ ಕೆಳಗಿತ್ತು. ಅಲ್ಲಿ ಉಳಿದದ್ದು ಒಂಟಿ ಗೂಟ. ಸಾವಿತ್ರಿ ಅಭ್ಯಾಸಬಲದಿಂದ ಉತ್ತರ ಕೊಡಲು ಕೈ ಎತ್ತಿದಳು. ನಾನು ಆ ಕೈಯನ್ನು ಹಿಡಿದುಕೊಂಡೆ, ದಡ ಸಿಗುವವರೆಗೆ ಬಿಡಲಿಲ್ಲ.

ಅದು ಏನು ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಕೆಲಸ ಕಲಿಸಿದ್ದು ಮಾತ್ರ ಗೊತ್ತಿದೆ: ಹಲಗೆಯನ್ನು ಹೆಂಗಸಿನ ಗದ್ದ ನೋಡಿ ಅಳೆಯಬಾರದು, ಆ ವರ್ಷದ ಕೆಸರು ನೋಡಿ ಅಳೆಯಬೇಕು, ಉದ್ದದ್ದು ಹಿಡಿದವಳು ಭಾರವನ್ನು ಹಿಂದಿಡಲು ಕಲಿಯಬೇಕು. ಹೊನ್ನಮ್ಮ ಅಂದು ಸಂಜೆಯೇ ಸೊಸೆಯ ಹಲಗೆಯನ್ನು ಒಡೆದು ಒಲೆಗೆ ಹಾಕಿದಳು. ನಾಗಿಯದನ್ನೂ ಸುಡಬೇಕು ಎಂದಳು. ನಾನು ಕೊಡಲಿಲ್ಲ.

ಮರುದಿನ ಬೆಳಿಗ್ಗೆ ನೀರು ಇಳಿದ ಕೂಡಲೇ ನಾಗಿಯ ಹಲಗೆಯನ್ನು ನನ್ನ ಹಲಗೆಯ ಹಿಂದೆ ಕಟ್ಟಿಕೊಂಡು ಹೋಗಿ, ಹೊಸ ಹಗ್ಗ ಹಾಕಿ ಅದೇ ಗೂಟಕ್ಕೆ ಕಟ್ಟಿದೆ. ಕಟ್ಟಿದವರು ಹೊರಡುವ ಮುಂಚೆ ಒಂದು ಸಲ ತಟ್ಟಿ ಬರುವುದು ಪದ್ಧತಿ. ನಾನು ತಟ್ಟಲಿಲ್ಲ. ಬಲಗಡೆಗೆ ತಿರುಗಿ ಬಳಚು ಹೆಕ್ಕಲು ಹೋದೆ.