ರಜಾ ದಿನದ ಸ್ವಾವಲೋಕನ

ಮಾನ್ಯ ಓದುಗರಲ್ಲಿ,

ಮುದ್ರಣಕ್ಕೆಂದು ನಾನು ಬರೆಯುತ್ತಿರುವುದು ಇದೇ ಮೊದಲು. ಇಲಾಖೆಗೆ ಪತ್ರ ಬರೆದು ರೂಢಿಯಾದ ಕೈ ಇದು. ಅಕ್ಷರ ದುಂಡಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು. ಮನ್ನಿಸಬೇಕೆಂದು ಮೊದಲಿಗೇ ಕೋರುತ್ತೇನೆ.

ವಿಷಯ: ನಮ್ಮ ಶಾಲೆಯ ಮುಖ್ಯ ಶಿಕ್ಷಕಿಯವರನ್ನು ಸ್ಮರಿಸುವ ಬಗ್ಗೆ.

ಸದರಿ ಹೆಡ್‌ಮೇಡಂ ಅವರ ಸೀರೆಯ ಬೆನ್ನಿಗೆ ಸದಾ ಬಿಳಿ ಸುಣ್ಣ ಮೆತ್ತಿರುತ್ತಿತ್ತು. ಯಾರ ತರಗತಿಗೆ ಬಂದರೂ ಅವರು ಕುರ್ಚಿ ತರಿಸುತ್ತಿರಲಿಲ್ಲ. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಮಕ್ಕಳ ಹಿಂದೆ ನೆಲದ ಮೇಲೆ ಕುಳಿತು ಗೋಡೆಗೆ ಒರಗುತ್ತಿದ್ದರು. ಸಂಜೆ ಮಾಕಳಿಯ ಬಸ್ಸಿನಲ್ಲಿ ಯಾರಾದರೂ "ಮೇಡಂ, ಬೆನ್ನಿಗೆ ಸುಣ್ಣ" ಎಂದರೆ, "ಇರ್ಲಿ ಬಿಡಿ, ಇವತ್ತು ಪಾಠ ಕೇಳಿದ್ದೀನಿ ಅಂತ ಗುರುತು" ಎನ್ನುತ್ತಿದ್ದರು.

ಪೀಣ್ಯದ ನಮ್ಮ ಸರ್ಕಾರಿ ಶಾಲೆಗೆ ನಾನು ಆಗ ಹೊಸಬಳು, ಪ್ರೊಬೇಷನ್‌ನಲ್ಲಿದ್ದೆ. ಅದು ಮುಗಿಯುವಾಗ ನನ್ನ ಬಗ್ಗೆ ವರದಿ ಬರೆಯಬೇಕಾದವರು ಅವರೇ. ಆ ವರದಿ ಕೆಟ್ಟರೆ ನೌಕರಿಯೂ ಕೆಡುತ್ತಿತ್ತು.

ಪಾಠ ಯೋಜನೆಯ ಪುಸ್ತಕದಲ್ಲಿ ಪ್ರತಿ ಪಾಠದ ಕೊನೆಗೆ 'ಸ್ವಾವಲೋಕನ' ಎಂಬ ಕಾಲಂ ಇರುತ್ತದೆ. ಪಾಠ ಹೇಗಾಯಿತೆಂದು ಶಿಕ್ಷಕರೇ ಅದರಲ್ಲಿ ಬರೆಯಬೇಕು. ನಾನು ಅದನ್ನು ಸೋಮವಾರವೇ ಇಡೀ ವಾರಕ್ಕೆ ತುಂಬಿಬಿಡುತ್ತಿದ್ದೆ. ಒಂದು ವಾರ, ಬುಧವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ರಜೆ ಘೋಷಣೆಯಾಯಿತು. ಗುರುವಾರ ಹೆಡ್‌ಮೇಡಂ ನನ್ನ ಪುಸ್ತಕ ತರಿಸಿಕೊಂಡು ಬುಧವಾರದ ಸಾಲುಗಳನ್ನು ಗಟ್ಟಿಯಾಗಿ ಓದಿದರು: "ಮಕ್ಕಳು ಸಕ್ರಿಯವಾಗಿ ಪಾಲ್ಗೊಂಡರು. ಪಾಠವು ಪರಿಣಾಮಕಾರಿಯಾಗಿತ್ತು."

ಕನ್ನಡಕದ ಮೇಲಿಂದ ನೋಡಿದರು. "ಪರ್ವಾಗಿಲ್ವೇ, ರಜದಲ್ಲೂ ನಿನ್ ಮಕ್ಳು ಸಕ್ರಿಯವಾಗಿ ಅವ್ರೆ. ನನ್ ಕ್ಲಾಸಲ್ಲಿ ಎದುರಿಗೆ ಕೂತಿದ್ರೂ ತೂಕಡಿಸ್ತಾರೆ ಕಣಮ್ಮ."

"ಮೇಡಂ, ಇದನ್ನ ವರದೀಲಿ ಬರೀತೀರಾ?" ಎಂದೆ.

ಅವರು ಬೀರುವಿನಿಂದ ತಮ್ಮದೇ ಹಳೆಯ ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. 'ಇಂದು ಯಾರಿಗೂ ಅರ್ಥವಾಗಲಿಲ್ಲ. ನನಗೆ ತಲೆನೋವಿತ್ತು, ಒಬ್ಬನಿಗೆ ಹೊಡೆದೆ. ನಾಳೆ ಅವನ ಪಕ್ಕ ಕೂರಬೇಕು.'

"ದಿನಕ್ಕೆ ಒಂದ್ ಸಾಲು ಸಾಕು," ಎಂದರು. "ಆದ್ರೆ ಪಾಠ ಆದ್ಮೇಲೆ ಬರಿ."

ಮರುದಿನ ಭಿನ್ನರಾಶಿ. ಕಾಲು ದೊಡ್ಡದೋ ಎಂಟನೇ ಒಂದು ದೊಡ್ಡದೋ ಎಂದು ಕೇಳಿದರೆ, ತರಗತಿಗೆ ತರಗತಿಯೇ ಎಂಟನೇ ಒಂದು ಎಂದಿತು. ರೇಗಿ ಮಗ್ಗಿ ಬರೆಸಿದೆ. ಕಾಲಂನಲ್ಲಿ ಅಷ್ಟನ್ನೇ, ಅಳುಕುತ್ತ ಬರೆದೆ. ಸಂಜೆ ಅದರ ಕೆಳಗೆ ಅವರ ಪೆನ್ಸಿಲ್ ಅಕ್ಷರವಿತ್ತು: 'ಅಳತೆಯ ಕೆಲಸ ಯಾರ ಮನೆಯಲ್ಲಿದೆ, ಕೇಳಿದೆಯಾ?'

ಶನಿವಾರ ಕೇಳಿದೆ. ಯಾದಗಿರಿ ಕಡೆಯಿಂದ ಬಂದು ಕಾರ್ಖಾನೆಯ ಹಿಂದಿನ ಬಾಡಿಗೆ ಕೋಣೆಯಲ್ಲಿದ್ದ ಹುಡುಗಿಯೊಬ್ಬಳು, ಅದುವರೆಗೆ ಬಾಯಿ ಬಿಡದವಳು, ಎದ್ದು ನಿಂತಳು.

"ನಮ್ಮಪ್ಪ ಲೇತ್ ಮಷಿನ್ ಮ್ಯಾಲ ಕೆಲ್ಸ ಮಾಡ್ತಾನ್ರಿ ಟೀಚರ್. ಒಂದ್ ಇಂಚಿನ್ಯಾಗ ಎಂಟು ಸೂತು ಇರ್ತಾವ್ರಿ. ಒಂದ್ ಸೂತು ಅಂದ್ರ ಇಷ್ಟ." ಉಗುರಿನಲ್ಲಿ ತೋರಿಸಿದಳು. "ಕಾಲಿಂಚಿಗಿ ಎರಡು ಸೂತು. ಅಂದಮ್ಯಾಲ ಕಾಲೇ ದೊಡ್ಡದಲ್ಲೇನ್ರಿ?"

ಹಿಂದಿನ ಗೋಡೆಗೆ ಒರಗಿದ್ದ ಹೆಡ್‌ಮೇಡಂ, "ಈ ಸೂತಿನ ಲೆಕ್ಕ ನನಗೂ ಗೊತ್ತಿರ್ಲಿಲ್ಲ ಕಣೇ, ಇನ್ನೊಂದ್ಸಲ ಹೇಳು" ಎಂದರು.

ಯಾವಾಗಲೂ ಪೆನ್ಸಿಲ್ ಏಕೆಂದು ಒಮ್ಮೆ ವಿಚಾರಿಸಿದ್ದೆ. "ಪೆನ್ನಲ್ಲಿ ಬರೆದ್ರೆ ಅದು ಮೆಮೋ ಆಗ್ಬಿಡುತ್ತೆ. ನಾನ್ ಹೇಳಿದ್ದು ತಪ್ಪು ಅನ್ಸಿದ್ರೆ ನೀನು ಅಳಿಸ್ಬೇಕಲ್ಲ" ಎಂದಿದ್ದರು.

ಪ್ರೊಬೇಷನ್ ವರದಿಯಲ್ಲಿ ಅವರು ರಜೆಯ ಪ್ರಸಂಗವನ್ನು ಎತ್ತಲಿಲ್ಲ. ಅಲ್ಲಿದ್ದುದು ಇಷ್ಟು: 'ತಮ್ಮ ತಪ್ಪನ್ನು ತಾವೇ ಕಂಡು ಬರೆಯುತ್ತಾರೆ. ಸೇವೆಯಲ್ಲಿ ಮುಂದುವರಿಸಬಹುದು.'

ನಿವೃತ್ತರಾದ ಮೇಲೂ ಅವರು ಆಗಾಗ ಬಂದು ನನ್ನ ತರಗತಿಯ ಹಿಂದೆ ಕೂರುತ್ತಿದ್ದರು. ಕಳೆದ ವರ್ಷ ತೀರಿಕೊಂಡರು. ರಜೆ ಬಂದ ಆ ವಾರದ ಪಾಠ ಯೋಜನೆಯ ಪುಸ್ತಕವನ್ನು ನಾನು ಇಟ್ಟುಕೊಂಡಿದ್ದೇನೆ. ಬುಧವಾರದ ಎರಡು ಸಾಲುಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದೇ ಪದವಿದೆ: 'ರಜೆ'. ಅಳಿಸುವ ಅಧಿಕಾರವನ್ನು ಅವರೇ ಕೊಟ್ಟಿದ್ದರು. ಅಳಿಸಿಲ್ಲ.

ಈ ಬರಹವನ್ನು ಮುಗಿಸಿದ ಮೇಲೆಯೇ ಓದಿ ನೋಡಿದ್ದೇನೆ. ಆದರೂ ನನ್ನ ಕಣ್ಣಿಗೆ ಬೀಳದ ತಪ್ಪುಗಳು ಇದ್ದೇ ಇರುತ್ತವೆ. ಕಂಡಲ್ಲಿ ದಯಮಾಡಿ ತಿದ್ದಬೇಕು. ಪೆನ್ಸಿಲಿನಲ್ಲಾದರೆ ಉಪಕಾರವಾಗುತ್ತದೆ.