ತಾರೀಖು ನೋಡಿ ಹೊಡೀರಿ

ಹವಾಲ್ದಾರ್ ಕಾಕಾ ಅವರ ಎಡಗಣ್ಣು ಏನನ್ನಾದರೂ ನೋಡಬೇಕೆಂದರೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಸಿಟಿ ಬಸ್ಸಿನ ಬೋರ್ಡು ಓದುವಾಗ, ಬದನೆಕಾಯಿ ಹುಳುಕೋ ಅಲ್ಲವೋ ಎಂದು ಪರೀಕ್ಷಿಸುವಾಗ, ಕಡೆಗೆ ಲೋಟದಲ್ಲಿ ಚಹಾ ಎಷ್ಟಿದೆ ಎಂದು ನೋಡುವಾಗಲೂ ಒಂದೇ ಕಣ್ಣು. ಪೊಲೀಸ್ ಕೆಲಸದಲ್ಲಿ ವರ್ಷಗಟ್ಟಲೆ ಗುರಿ ಹಿಡಿದು ಹಿಡಿದು ಹಾಗಾಗಿತ್ತು. ಹೊಸಬರು ಕಣ್ಣು ಹೊಡೆದರೆಂದೇ ತಿಳಿಯುತ್ತಿದ್ದರು. ಮೊದಲ ದಿನ ನಾನೂ ಹಾಗೇ ತಿಳಿದು ಮುಖ ಗಂಟು ಹಾಕಿಕೊಂಡಿದ್ದೆ.

ನಲವತ್ತು ದಾಟಿದ ಮೇಲೆ ನನಗೆ ಏರ್ ರೈಫಲ್ಲಿನ ಹುಚ್ಚು ಹತ್ತಿತು. ಶಾಲೆಯ ಟೀಚರು, ಎರಡು ಮಕ್ಕಳ ತಾಯಿ, ನಿನಗ್ಯಾಕೆ ಬೇಕಿತ್ತು ಎಂದು ಕೇಳದವರೇ ಇಲ್ಲ. ಬೇಕಿತ್ತು, ಅಷ್ಟೇ! ರಾಯಚೂರು ಸ್ಟೇಷನ್ನಿನ ಆಚೆ, ನಿಂತುಹೋದ ರೈಸ್ ಮಿಲ್ಲೊಂದರ ಗೋದಾಮು. ಐದು ಜನ ವಂತಿಗೆ ಹಾಕಿ ಕೊಂಡ ಒಂದೇ ರೈಫಲ್ಲು. ಕಲಿಸಲು ಈ ನಿವೃತ್ತ ಹವಾಲ್ದಾರರು. ಫೀಸು ಕೇಳುತ್ತಿರಲಿಲ್ಲ, ಆದರೆ ಅವರ ಜುಗ್ಗತನ ಸಹಿಸಿಕೊಳ್ಳಬೇಕಿತ್ತು.

ಮೊದಲ ತಿಂಗಳು ಒಂದೇ ಒಂದು ಛರ್ರಾ, ಆ ಸಣ್ಣ ಸೀಸದ ಕಾಳು, ಕೊಡಲಿಲ್ಲ ಪುಣ್ಯಾತ್ಮ. ನಳಿಗೆಯ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಬರೀ ಟ್ರಿಗರ್ ಎಳೆಸುತ್ತಿದ್ದರು. ನಾಣ್ಯ ಬಿದ್ದರೆ ಮತ್ತೆ ಮೊದಲಿನಿಂದ.

"ಕಾಕಾ, ಒಂದರ ಹೊಡೀತೀನ್ರೀ," ಎಂದು ಗೋಗರೆದರೆ, "ಬೀಳಲಾರದಂಗ ಹತ್ತು ಸಲ ಎಳೀರಿ, ಆಮ್ಯಾಲ ಕೊಡ್ತೀನಿ. ಕೈ ಕಲಿಯೋದು ಪುಕ್ಕಟ್ಟೆ ಅದ. ಛರ್ರಾಕ್ಕ ರೊಕ್ಕ ಬೀಳ್ತದ," ಎನ್ನುತ್ತಿದ್ದರು.

ಗುರಿಯ ಹಿಂದೆ ಭತ್ತದ ಹೊಟ್ಟು ತುಂಬಿದ ಗೋಣಿಚೀಲಗಳು. ಆಗಾಗ ಆ ಹೊಟ್ಟನ್ನು ಸುರಿದು, ಮೊರದಲ್ಲಿ ಕೇರಿ, ಸೀಸ ಆರಿಸಿ ಗುಜರಿಗೆ ಹಾಕುತ್ತಿದ್ದರು. ಗುರಿಯ ಕಾಗದ ಕೊಳ್ಳುವುದಂತೂ ಅವರ ಜನ್ಮದಲ್ಲಿಲ್ಲ. ಅದಕ್ಕೆ ಹಳೆಯ ಲಗ್ನಪತ್ರಿಕೆಗಳು! ದಪ್ಪ ರಟ್ಟಿನಲ್ಲಿ ತೂತು ದುಂಡಗೆ ಬೀಳುತ್ತದೆ. ಹಿಂಬದಿಯ ಖಾಲಿ ಜಾಗದಲ್ಲಿ ಬಾಟಲಿ ಮುಚ್ಚಳ ಇಟ್ಟು ಸುತ್ತ ಗೆರೆ ಎಳೆದರಾಯಿತು. ಆದರೆ ಲಗ್ನ ಮುಗಿಯುವ ತನಕ ಆ ಪತ್ರಿಕೆಗೆ ಹೊಡೆಯುವಂತಿರಲಿಲ್ಲ. "ಅರಿಶಿಣ ಹಚ್ಚಿದ ಕಾಗದ ಅದು. ತಾರೀಖು ನೋಡಿ ಹೊಡೀರಿ," ಎನ್ನುವರು. ತಾವೇ ಒಂಟಿಗಣ್ಣಿನಿಂದ ಓದಿ ಓದಿ ಕಟ್ಟು ಕಟ್ಟಿಡುತ್ತಿದ್ದರು.

ಇಷ್ಟೆಲ್ಲ ಉಳಿಸಿದ್ದು ಒಂದು ಸ್ವಂತ ರೈಫಲ್ಲಿಗಾಗಿ. ನೌಕರಿಯಲ್ಲಿ ಹಿಡಿದದ್ದು ಸರ್ಕಾರದ್ದು, ಈಗಿನದು ಐವರದು. "ಸಾಯೋದ್ರೊಳಗ ನಂದು ಅನ್ನೋದೊಂದು ಹೆಗಲ ಮ್ಯಾಲ ಇರಬೇಕವ್ವಾ," ಎಂದು ರೊಕ್ಕ ಕೂಡಿಟ್ಟ ಡಬ್ಬಿಯನ್ನು ಅಲ್ಲಾಡಿಸಿ ತೋರಿಸುತ್ತಿದ್ದರು.

ಈ ಹುಚ್ಚಿನಿಂದಲೇ ಮಾನ್ವಿಯಲ್ಲಿದ್ದ ಒಬ್ಬಳೇ ತಂಗಿಯ ಜೊತೆ ಮಾತು ನಿಂತಿತ್ತು. ಆಕೆಯ ಹೊಸ ಮನೆಯ ಪ್ರವೇಶಕ್ಕೆ ಇವರು ಒಂದು ಸ್ಟೀಲ್ ತಂಬಿಗೆ ಒಯ್ದಿದ್ದರಂತೆ. ಬೀಗರ ಎದುರಿಗೇ ಆಕೆ, "ನಮ್ಮಣ್ಣನ ಹತ್ರ ಬಂದೂಕಿಗೆ ರೊಕ್ಕ ಅದ, ತಂಗಿಗಿಲ್ಲ," ಅಂದುಬಿಟ್ಟಳಂತೆ. ಆರು ವರ್ಷ ಇವರು ಮಾನ್ವಿಯ ಬಸ್ಸು ಹತ್ತಲಿಲ್ಲ.

ಒಂದು ಭಾನುವಾರ ಅವರು ಕೊಟ್ಟ ಪತ್ರಿಕೆಗೆ ಹತ್ತು ಹೊಡೆದು, ತೆಗೆದು ತಿರುಗಿಸಿ ನೋಡಿದೆ. ಮೂಲೆಯ ಅರಿಶಿಣ ಇನ್ನೂ ಹೊಸದು. ಲಗ್ನ ಬರುವ ಗುರುವಾರ, ಮಾನ್ವಿಯಲ್ಲಿ. ಕೆಳಗೆ ಸೋದರಮಾವ ಎಂದು ಕಾಕಾ ಅವರದೇ ಹೆಸರು.

"ಕಾಕಾ, ಇದು ನಿಮ್ಮ ತಂಗಿ ಮಗಳದಲ್ರೀ?"

"ಕವರಿನ ಮ್ಯಾಲ ಆಕಿ ಅಕ್ಷರ ನೋಡಿದೆ. ಸಿಟ್ಟಿಲೆ ಓದಲಾರದೇ ಕಟ್ಟಿನ್ಯಾಗ ಒಗದಿದ್ದೆ," ಎಂದರು, ನನ್ನ ಮುಖ ನೋಡದೆ.

ನನಗೆ ರೇಗಿಹೋಯಿತು. "ಆರು ವರ್ಷ ಹೊಸ್ತಿಲ ತುಳಿಲಾರದ ಅಣ್ಣನ ಹೆಸರು ಹಾಕ್ಯಾರ. ಇಲ್ಲಿ ನೋಡ್ರಿ!"

ಅವರು ಪತ್ರಿಕೆ ಹಿಡಿದು ಓದಿದರು. ಅವತ್ತು ಎರಡೂ ಕಣ್ಣು ತೆರೆದಿದ್ದವು. ನನ್ನ ಛರ್ರಾಗಳು ಊಟದ ಸಮಯವನ್ನು ತೂತು ಮಾಡಿದ್ದವು, ಹೆಸರು ಉಳಿದಿತ್ತು. ಕಾಕಾ ಹೊಟ್ಟಿನ ಚೀಲದ ಮೇಲೆ ಕುಸಿದು ಕೂತರು.

"ಲಗ್ನಕ್ಕಿಂತ ಮೊದಲ ನಮ್ಮ ಕೂಸಿನ ಪತ್ರಿಕಿಗೆ ಹೊಡಿಸಿಬಿಟ್ನಲ್ಲವ್ವಾ," ಎಂದು ಅತ್ತೇಬಿಟ್ಟರು.

ಮರುದಿನವೇ ಡಬ್ಬಿ ಖಾಲಿಯಾಯಿತು. ಸೋದರಮಾವ ತರಬೇಕಾದ ಸೀರೆ, ಕಾಲುಂಗುರ ಕೊಳ್ಳಲು ನಾನೂ ಹೋಗಿದ್ದೆ. ಕಾಕಾ ಚೌಕಾಸಿ ಮಾಡಲಿಲ್ಲ ಎಂದರೆ ನಂಬುತ್ತೀರಾ? ಒಬ್ಬರೇ ಹೋಗಲು ಧೈರ್ಯ ಸಾಲದೆ ಲಗ್ನಕ್ಕೂ ನನ್ನನ್ನು ಎಳೆದುಕೊಂಡು ಹೋದರು. ಹಂದರದ ಬಾಗಿಲಲ್ಲೇ ತಂಗಿ, "ಈಗ ಬಂದೇನೋ ಯಣ್ಣಾ," ಎಂದು ಅವರ ಎದೆಗೆ ಬಿದ್ದು ಅತ್ತರು. "ತಡ ಆತವ್ವಾ," ಎಂದಷ್ಟೇ ಹೇಳಿ ಇವರು ತೂತು ಬಿದ್ದ ಪತ್ರಿಕೆಯನ್ನು ತೋರಿಸಿ ತಪ್ಪೊಪ್ಪಿಕೊಂಡರು. ಆಕೆ ಕಣ್ಣೀರಿನಲ್ಲೇ ನಕ್ಕರು.

ಸ್ವಂತ ರೈಫಲ್ಲು ಕಡೆಗೂ ಬರಲಿಲ್ಲ. ಹೋದ ವರ್ಷ ಕಾಕಾ ತೀರಿಕೊಂಡರು. ಅವರ ಒಂದು ರೂಪಾಯಿ ನಾಣ್ಯ ನನ್ನ ಹತ್ತಿರ ಇದೆ. ಹೊಸಬರಿಗೆ ಈಗ ನಾನೇ ಕಲಿಸುತ್ತೇನೆ, ಜುಗ್ಗಿ ಅನ್ನಿಸಿಕೊಂಡಿದ್ದೇನೆ.

ಕಾಕಾ ಹೋಗಿ ಎರಡು ತಿಂಗಳಾಗಿರಬೇಕು, ಅವರ ತಂಗಿ ಮಾನ್ವಿಯಿಂದ ಒಂದು ಚೀಲ ಹೊತ್ತು ಗೋದಾಮಿಗೆ ಬಂದರು. ಮಾನ್ವಿ, ದೇವದುರ್ಗದ ಬೀಗರ ಮನೆಗಳನ್ನೆಲ್ಲ ಸುತ್ತಿ ಕೂಡಿಸಿದ ಲಗ್ನಪತ್ರಿಕೆಗಳು.

"ಒಂದೊಂದೂ ತಾರೀಖು ನೋಡಿ ತಂದೀನ್ರಿ ಟೀಚರ್ರೀ," ಎಂದರು. "ಎಲ್ಲಾರ ಲಗ್ನ ಆಗ್ಯಾವ. ಹೊಡೀರಿ."

ಆ ದಿನ ನನ್ನ ನಳಿಗೆಯ ಮೇಲೆ ನಾಣ್ಯ ಒಂದು ಸಲವೂ ನಿಲ್ಲಲಿಲ್ಲ.